ಹುಡುಗಿಯರು ವಾರ್ಡ್ ಬಿಟ್ಟು ಹೋಗುವುದಕ್ಕೆ ನಾನೇ ಕಾರಣವೇ?

ಪ್ರಶ್ನೆ: ನಾನು ವಿಜಯಪುರದ 120 ಹಾಸಿಗೆಗಳ ಖಾಸಗಿ ಆಸ್ಪತ್ರೆಯೊಂದರಲ್ಲಿ ಮೆಡಿಸಿನ್ ವಾರ್ಡಿನ ಇನ್‌ಚಾರ್ಜ್ ಸಿಸ್ಟರ್. ವಾರ್ಡಿನಲ್ಲಿ 32 ಹಾಸಿಗೆ, ಪಟ್ಟಿಯಲ್ಲಿ 8 ಸ್ಟಾಫ್ ನರ್ಸ್‌ಗಳು. ಕಳೆದ ಹದಿನಾಲ್ಕು ತಿಂಗಳಲ್ಲಿ ಐದು ಹುಡುಗಿಯರು ಬಿಟ್ಟು ಹೋದರು. ಇಬ್ಬರು ಪುಣೆಗೆ ಹೋದರು, ಒಬ್ಬಳು ಬೆಂಗಳೂರಿಗೆ, ಒಬ್ಬಳಿಗೆ ಸರ್ಕಾರಿ ನೌಕರಿ ಸಿಕ್ಕಿತು. ಐದನೆಯವಳು ಯಾವ ಕೆಲಸವೂ ಬೇಡವೆಂದು ತಿಕೋಟಾದ ತವರಿನಲ್ಲಿ ಕುಳಿತಿದ್ದಾಳೆ. ಆಡಳಿತಾಧಿಕಾರಿಗಳು, “ನಾಲ್ಕು ಹಾಸಿಗೆಗೆ ಒಬ್ಬರನ್ನು ಕೊಟ್ಟಿದ್ದೇವೆ. ನಿಮಗೆ ಜನರನ್ನು ಹಿಡಿದಿಟ್ಟುಕೊಳ್ಳಲು ಬರುವುದಿಲ್ಲ, ನಾಯಕತ್ವದ ತರಬೇತಿಗೆ ಹೋಗಿ ಬನ್ನಿ” ಎನ್ನುತ್ತಾರೆ. ನನ್ನ ಸ್ವಭಾವದಲ್ಲೇ ದೋಷವಿದೆಯೇ? ಎಂ.ಎಸ್ಸಿ. ನರ್ಸಿಂಗ್‌ಗೆ ಸೇರಿದ್ದೇನೆ; ಇದೇ ವಿಷಯದ ಮೇಲೆ ಸಂಶೋಧನೆ ಮಾಡಬಹುದೇ? ಅಥವಾ ಇನ್‌ಚಾರ್ಜ್ ಹುದ್ದೆ ಬಿಟ್ಟುಕೊಡುವುದೇ ಲೇಸೇ?

ಉತ್ತರ: ಸಹೋದರಿ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ನೋವಾಯಿತು. ಎರಡನೆಯ ಸಲ ಓದುವಾಗ ಕಾಗದ, ಪೆನ್ಸಿಲು ಹಿಡಿದು ಕುಳಿತೆ. ನೀವೂ ಹಾಗೆಯೇ ಮಾಡಬೇಕು. ಸ್ವಭಾವದ ವಿಚಾರಕ್ಕೆ ಆಮೇಲೆ ಬರುತ್ತೇನೆ, ಮೊದಲು ಲೆಕ್ಕ.

ಆಡಳಿತಾಧಿಕಾರಿಗಳು ಹೇಳಿದ್ದು ಸುಳ್ಳಲ್ಲ. ಸಾಮಾನ್ಯ ಆಸ್ಪತ್ರೆಗಳ ವಾರ್ಡಿಗೆ ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡ ಐದು ಹಾಸಿಗೆಗೆ ಒಬ್ಬರು, ಅದರ ಮೇಲೆ ರಜೆಗಾಗಿ ಶೇ. 30ರಷ್ಟು ಮೀಸಲು. 32 ಹಾಸಿಗೆಗೆ ಇದು ಸುಮಾರು ಎಂಟು ಜನರಾಗುತ್ತದೆ, ನಿಮ್ಮಲ್ಲಿ ಎಂಟು ಜನ ಇದ್ದಾರೆ. ಕಾಗದದ ಮೇಲೆ ಎಲ್ಲವೂ ಸರಿ. ಆದರೆ ಆ ಎಂಟು ಜನ ಒಂದೇ ಹೊತ್ತಿಗೆ ವಾರ್ಡಿನಲ್ಲಿ ನಿಂತಿರುವುದಿಲ್ಲ. ದಿನಕ್ಕೆ ಮೂರು ಪಾಳಿಯಂತೆ ವಾರಕ್ಕೆ 21 ಪಾಳಿ. ಒಬ್ಬರಿಗೆ ವಾರಕ್ಕೊಂದು ಆಫ್ ಕೊಟ್ಟರೆ ಎಂಟು ಜನರಿಂದ 48 ಪಾಳಿ ಸಿಗುತ್ತದೆ. 48ನ್ನು 21ಕ್ಕೆ ಹಂಚಿದರೆ ಪಾಳಿಗೆ ಎರಡೂಕಾಲು ಜನ, ಅಂದರೆ ಒಬ್ಬಳಿಗೆ 14 ರೋಗಿಗಳು. ಒಬ್ಬಳು ಹೆರಿಗೆ ರಜೆಯಲ್ಲೋ, ಜ್ವರದಲ್ಲೋ, ಮದುವೆಯ ರಜೆಯಲ್ಲೋ ಇದ್ದೇ ಇರುತ್ತಾಳೆ ಎಂದಿಟ್ಟುಕೊಂಡರೆ ಉಳಿಯುವುದು 42 ಪಾಳಿ, ದಿನಕ್ಕೆ ಆರು. ನೀವು ಅದನ್ನು ಹೇಗೆ ಹಂಚುತ್ತೀರಿ ಎಂದು ನನಗೆ ಗೊತ್ತು, ಏಕೆಂದರೆ ಸಾಮಾನ್ಯವಾಗಿ ಎಲ್ಲರೂ ಹಂಚುವುದು ಹಾಗೆಯೇ: ಬೆಳಿಗ್ಗೆ ಮೂವರು, ಮಧ್ಯಾಹ್ನ ಇಬ್ಬರು, ರಾತ್ರಿ ಒಬ್ಬಳು.

ಹಾಗಾದರೆ ರಾತ್ರಿ ಎರಡು ಗಂಟೆಗೆ ನಿಮ್ಮ ವಾರ್ಡಿನ ಅನುಪಾತ ನಾಲ್ಕಕ್ಕೆ ಒಂದಲ್ಲ, 32ಕ್ಕೆ ಒಂದು. ವಿಷ ಕುಡಿದು ಬಂದ ರೈತನಿಗೆ ಅಟ್ರೋಪಿನ್ ಕೊಡುತ್ತಾ ಕಣ್ಣಿನ ಪಾಪೆ ನೋಡುತ್ತಿರುವ ಹುಡುಗಿ, ಅದೇ ಹೊತ್ತಿನಲ್ಲಿ ಹದಿನೆಂಟನೆಯ ಹಾಸಿಗೆಯ ಅಜ್ಜಿ ಮಂಚದಿಂದ ಇಳಿಯಲು ಕಾಲು ಚಾಚಿದ್ದನ್ನು ಹೇಗೆ ನೋಡಬೇಕು? ಅವಳ ಬಿಟ್ಟುಹೋದ ಕೆಲಸಗಳಿಗೆ ‘ಅಲಕ್ಷ್ಯ’ ಎಂದು ಹೆಸರಿಡುವುದು ಸುಲಭ. ಸಂಶೋಧಕರು ಅದಕ್ಕೆ ‘ತಪ್ಪಿಹೋದ ಆರೈಕೆ’ ಎನ್ನುತ್ತಾರೆ: ಮಗ್ಗುಲು ಬದಲಿಸುವುದು, ಬಾಯಿ ತೊಳೆಸುವುದು, ರೋಗಿಯ ಮಾತು ಕೇಳುವುದು, ಮನೆಗೆ ಹೋಗುವವರಿಗೆ ಮಾತ್ರೆಯ ವಿವರ ಹೇಳುವುದು. ಸಮಯ ಸಾಲದಾದಾಗ ಮೊದಲು ಬೀಳುವುದು ಇವೇ. ಒಳ್ಳೆಯ ಶುಶ್ರೂಷಕಿಯನ್ನು ಒಳಗಿನಿಂದ ತಿನ್ನುವುದೂ ಇವೇ, ಏಕೆಂದರೆ ತಾನು ಏನನ್ನು ಬಿಟ್ಟೆ ಎಂಬುದು ಅವಳಿಗೆ ಮನೆಗೆ ಹೋದ ಮೇಲೂ ಗೊತ್ತಿರುತ್ತದೆ.

ಈ ಭಾರವನ್ನು ಅಳೆದವರಿದ್ದಾರೆ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ 168 ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದ 2,32,342 ರೋಗಿಗಳ ದಾಖಲೆಯನ್ನೂ ಹತ್ತು ಸಾವಿರಕ್ಕೂ ಹೆಚ್ಚು ಶುಶ್ರೂಷಕರ ಉತ್ತರಗಳನ್ನೂ ಜೋಡಿಸಿ ಲಿಂಡಾ ಏಕನ್ ಮತ್ತು ಸಂಗಡಿಗರು 2002ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಬ್ಬ ಶುಶ್ರೂಷಕಿಗೆ ಒಬ್ಬ ರೋಗಿ ಹೆಚ್ಚಾದಂತೆ, ದಾಖಲಾದ ಮೂವತ್ತು ದಿನಗಳೊಳಗೆ ರೋಗಿ ಸಾಯುವ ಸಂಭವ ಶೇ. 7ರಷ್ಟು ಏರುತ್ತಿತ್ತು. ಅದೇ ಒಬ್ಬ ರೋಗಿಯಿಂದ ಶುಶ್ರೂಷಕಿ ಬಳಲಿ ಬತ್ತಿಹೋಗುವ ಸಂಭವ ಶೇ. 23ರಷ್ಟು, ಕೆಲಸದ ಬಗ್ಗೆ ಅತೃಪ್ತಿಯ ಸಂಭವ ಶೇ. 15ರಷ್ಟು ಹೆಚ್ಚುತ್ತಿತ್ತು. ಹನ್ನೆರಡು ವರ್ಷಗಳ ನಂತರ ಯೂರೋಪಿನ ಒಂಬತ್ತು ದೇಶಗಳ 300 ಆಸ್ಪತ್ರೆಗಳಲ್ಲಿ ಅಳೆದಾಗಲೂ ಸಾವಿನ ಲೆಕ್ಕದಲ್ಲಿ ಬಂದದ್ದು ಅದೇ ಶೇ. 7. ಒಂದು ಎಚ್ಚರಿಕೆ ಹೇಳಲೇಬೇಕು. ಅಮೆರಿಕದ ಆ ಅಧ್ಯಯನದಲ್ಲಿ ಹೋಲಿಸಿದ್ದು ನಾಲ್ಕು ರೋಗಿಗಳಿರುವವಳನ್ನೂ ಎಂಟು ರೋಗಿಗಳಿರುವವಳನ್ನೂ. ನಿಮ್ಮ 32ಕ್ಕೆ ಆ ಶೇ. 7ನ್ನು ಗುಣಿಸುತ್ತಾ ಹೋಗಬೇಡಿ. ಅಷ್ಟು ದೂರ ಆ ಅಳತೆಗೋಲು ನೀಳುವುದಿಲ್ಲ. ಆದರೆ ನಾಲ್ಕಕ್ಕೂ ಎಂಟಕ್ಕೂ ನಡುವೆಯೇ ಅಷ್ಟು ವ್ಯತ್ಯಾಸ ಕಂಡಿತು ಎಂಬುದನ್ನು ಆಡಳಿತ ಮಂಡಳಿಯ ಮುಂದೆ ನಿಧಾನವಾಗಿ, ಜೋರಾಗಿ ಓದಿ.

ದುಡ್ಡಿನ ಮಾತು ಬಂದಾಗ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಉದಾಹರಣೆ ಕೊಡಿ. 2016ರಲ್ಲಿ ಅಲ್ಲಿನ ಸರ್ಕಾರ 27 ಸಾರ್ವಜನಿಕ ಆಸ್ಪತ್ರೆಗಳಿಗೆ ಕಾನೂನಿನ ಮೂಲಕವೇ ಅನುಪಾತ ನಿಗದಿ ಮಾಡಿತು: ಹಗಲು ಸರಾಸರಿ ನಾಲ್ಕು ರೋಗಿಗೆ ಒಬ್ಬರು, ರಾತ್ರಿ ಏಳಕ್ಕೆ ಒಬ್ಬರು. ಆ ಕಾನೂನು ಅನ್ವಯಿಸದ 28 ಆಸ್ಪತ್ರೆಗಳ ಜೊತೆ ಹೋಲಿಸಿ ನೋಡಿದ ಅಧ್ಯಯನ 2021ರಲ್ಲಿ ಬಂತು. ರೋಗಿಗಳು ಬೇಗ ಮನೆಗೆ ಹೋದರು, ಮರಳಿ ದಾಖಲಾಗುವುದು ಕಡಿಮೆಯಾಯಿತು. ಹೀಗೆ ಉಳಿದ ಹಣ ಹೆಚ್ಚುವರಿ ಶುಶ್ರೂಷಕಿಯರಿಗೆ ಕೊಟ್ಟ ಸಂಬಳದ ಸುಮಾರು ಎರಡರಷ್ಟು.

ಈಗ ನಾಯಕತ್ವ. ನಿಮ್ಮ ಪ್ರಶ್ನೆಯ ಒಳಗಿರುವ ಅಳುಕು ನನಗೆ ಚೆನ್ನಾಗಿ ಗೊತ್ತು. ‘ಹಿಡಿದಿಟ್ಟುಕೊಳ್ಳಲು ಬರುವುದಿಲ್ಲ’ ಎಂಬ ಮಾತನ್ನು ಒಮ್ಮೆ ಕೇಳಿದ ಮೇಲೆ, ಯಾವ ಹುಡುಗಿ ರಾಜೀನಾಮೆ ಪತ್ರ ಹಿಡಿದು ಬಂದರೂ ‘ನಾನು ಅವಳಿಗೆ ಅಂದು ಏನೆಂದೆ’ ಎಂದೇ ಮನಸ್ಸು ಹುಡುಕುತ್ತದೆ.

1980ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಶುಶ್ರೂಷಕರ ಕೊರತೆ ತೀವ್ರವಾಗಿದ್ದಾಗ ಕೆಲವರು ಪ್ರಶ್ನೆಯನ್ನೇ ತಿರುಗಿಸಿದರು. ಜನ ಏಕೆ ಬಿಟ್ಟು ಹೋಗುತ್ತಾರೆ ಎಂದು ಕೇಳುವ ಬದಲು, ಯಾವ ಆಸ್ಪತ್ರೆಗಳಲ್ಲಿ ಜನ ನಿಂತಿದ್ದಾರೆ, ಏಕೆ ನಿಂತಿದ್ದಾರೆ ಎಂದು ಕೇಳಿದರು. 1983ರಲ್ಲಿ ಹಾಗೆ ಗುರುತಿಸಿದ 41 ಆಸ್ಪತ್ರೆಗಳಿಗೆ ‘ಅಯಸ್ಕಾಂತ ಆಸ್ಪತ್ರೆಗಳು’ ಎಂಬ ಹೆಸರೇ ನಿಂತಿತು. ಆ ದಾರಿಯಲ್ಲೇ ಮುಂದುವರಿದು 2002ರಲ್ಲಿ ಐಲೀನ್ ಲೇಕ್ ಕೆಲಸದ ವಾತಾವರಣ ಅಳೆಯುವ 31 ಹೇಳಿಕೆಗಳ ಒಂದು ಪ್ರಶ್ನಾವಳಿ ಸಿದ್ಧಪಡಿಸಿದರು. ಜಗತ್ತಿನ ಅನೇಕ ದೇಶಗಳಲ್ಲಿ ಇಂದು ಬಳಕೆಯಲ್ಲಿರುವುದು ಅದೇ. ಅದು ಐದು ಸಂಗತಿಗಳನ್ನು ನೋಡುತ್ತದೆ. ಆಸ್ಪತ್ರೆಯ ತೀರ್ಮಾನಗಳಲ್ಲಿ ಶುಶ್ರೂಷಕರಿಗೆ ಪಾಲಿದೆಯೇ. ಒಳ್ಳೆಯ ಆರೈಕೆಗೆ ಬೇಕಾದ ಕಲಿಕೆ, ಹೊಸಬರಿಗೆ ಜೊತೆಗಾರರು ಮುಂತಾದ ತಳಹದಿ ಇದೆಯೇ. ಮೇಲ್ವಿಚಾರಕಿ ಸಮರ್ಥಳೇ, ಬೆನ್ನಿಗೆ ನಿಲ್ಲುತ್ತಾಳೆಯೇ. ಜನ ಮತ್ತು ಸಾಮಗ್ರಿ ಸಾಕಷ್ಟಿದೆಯೇ. ವೈದ್ಯರು ಜೊತೆಗಾರರಂತೆ ನಡೆದುಕೊಳ್ಳುತ್ತಾರೆಯೇ. ಈ ಐದರಲ್ಲಿ ನಿಮ್ಮ ಹೆಸರು ಬರೆದಿರುವುದು ಒಂದರ ಮೇಲೆ ಮಾತ್ರ. ಉಳಿದ ನಾಲ್ಕರ ಬೀಗದ ಕೈ ಬೇರೆಯವರ ಸೊಂಟದಲ್ಲಿದೆ. ಜನರನ್ನು ನೇಮಿಸುವ, ಹಾಸಿಗೆ ತುಂಬಿದಾಗ ದಾಖಲಾತಿ ನಿಲ್ಲಿಸುವ, ಒಂದು ಸಿರಿಂಜ್ ಪಂಪ್ ತರಿಸುವ ಅಧಿಕಾರವೂ ಇಲ್ಲದವಳನ್ನು ‘ನಾಯಕಿ’ ಎಂದು ಕರೆದು ಫಲಿತಾಂಶ ಕೇಳುವುದು ಅನ್ಯಾಯ. ಇದನ್ನು ನಾನು ಸಂಕೋಚವಿಲ್ಲದೆ ಹೇಳುತ್ತೇನೆ.

ಆದರೂ ಆ ಒಂದು ಪಾಲು ಚಿಕ್ಕದಲ್ಲ. ಕೆನಡಾದ ಗ್ರೆಟಾ ಕಮಿಂಗ್ಸ್ ತಂಡ 2018ರಲ್ಲಿ 129 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿತು. ಜನರನ್ನು ಅರಿತು ನಡೆಸುವ ನಾಯಕಿಯರ ಕೈಕೆಳಗೆ ಶುಶ್ರೂಷಕಿಯರ ತೃಪ್ತಿ, ಆರೋಗ್ಯ, ಉಳಿಯುವ ಮನಸ್ಸು ಎಲ್ಲವೂ ಮೇಲಿದ್ದವು. ಕೆಲಸ ಮುಗಿಸುವುದನ್ನೇ ನೋಡುವ ನಾಯಕಿಯರ ಕೈಕೆಳಗೆ ಹಾಗಿರಲಿಲ್ಲ. ನನ್ನ ತಕರಾರು ಒಂದಿದೆ. ಇಂಥ ಅಧ್ಯಯನಗಳಲ್ಲಿ ಹೆಚ್ಚಿನವು ಒಂದೇ ದಿನ ಒಂದೇ ಪ್ರಶ್ನಾವಳಿಯಿಂದ ಎರಡನ್ನೂ ಕೇಳಿದಂಥವು. ಬೇಸತ್ತವಳು ಮೇಲ್ವಿಚಾರಕಿಗೂ ಕಡಿಮೆ ಅಂಕ ಕೊಡುತ್ತಾಳೆ. ಯಾವುದು ಕಾರಣ, ಯಾವುದು ಪರಿಣಾಮ ಎಂಬುದು ಅಲ್ಲಿ ಬಿಡಿಸಿಕೊಳ್ಳುವುದಿಲ್ಲ. ಆದ್ದರಿಂದ ಆಡಳಿತಾಧಿಕಾರಿಗಳು ಸೂಚಿಸಿದ ಎರಡು ದಿನದ ತರಬೇತಿಗೆ ಹೋಗಿ ಬನ್ನಿ, ಹೋಗುವುದರಲ್ಲಿ ನಷ್ಟವಿಲ್ಲ. ಆದರೆ ಮರಳಿ ಬಂದಾಗ ರಾತ್ರಿ ಪಾಳಿಯಲ್ಲಿ ಇನ್ನೂ ಒಬ್ಬಳೇ ಇದ್ದರೆ ತರಬೇತಿಯ ಕಡತ ಕಪಾಟಿಗೆ ಸೇರುತ್ತದೆ.

ನಾಯಕತ್ವದ ಬಗ್ಗೆ ನನಗೆ ನಿಜವಾಗಿ ಪಾಠ ಕಲಿಸಿದ್ದು ನನ್ನದೇ ಒಂದು ತಪ್ಪು. ಬಾಗಲಕೋಟೆ ಜಿಲ್ಲೆಯ ಒಂದು ಆಸ್ಪತ್ರೆಯಲ್ಲಿ ನಾನು ಹೊಸದಾಗಿ ಇನ್‌ಚಾರ್ಜ್ ಆಗಿದ್ದೆ. ಒಂದು ಬೆಳಿಗ್ಗೆ ಹ್ಯಾಂಡ್ ಓವರ್ (ಮುಂದಿನ ಪಾಳಿಯವರಿಗೆ ರೋಗಿಗಳ ವಿವರ ಒಪ್ಪಿಸುವ) ಹೊತ್ತಿನಲ್ಲಿ ರಾತ್ರಿ ಪಾಳಿಯ ಹುಡುಗಿ ತಾನಾಗಿ ಬಂದು, “ಸಿಸ್ಟರ್, ಏಳನೆಯ ಹಾಸಿಗೆಯ ಇಂಜೆಕ್ಷನ್ ಒಂಬತ್ತನೆಯವರಿಗೆ ಕೊಟ್ಟುಬಿಟ್ಟೆ” ಎಂದಳು. ರೋಗಿಗೆ ಏನೂ ಆಗಿರಲಿಲ್ಲ. ನಾನು ಎಲ್ಲರ ಮುಂದೆ ಅವಳನ್ನು ನಿಲ್ಲಿಸಿ ಬೈದೆ, ಕ್ಷಮಾಪಣೆ ಪತ್ರ ಬರೆಸಿಕೊಂಡೆ. ಆನಂತರ ಏಳು ತಿಂಗಳು ನನ್ನ ವಾರ್ಡಿನಿಂದ ಒಂದೇ ಒಂದು ತಪ್ಪು ವರದಿಯಾಗಲಿಲ್ಲ. ಶಿಸ್ತು ಬಂತೆಂದು ನಾನು ಹಿಗ್ಗಿದೆ. ಎಂಟನೆಯ ತಿಂಗಳು ಕೇಸ್ ಶೀಟುಗಳನ್ನು ಒಂದೊಂದಾಗಿ ತಿರುವಿ ನೋಡಿದಾಗ, ತಿದ್ದಿದ ಸಮಯಗಳು, ಒಂದೇ ಪೆನ್ನಿನಲ್ಲಿ ಒಟ್ಟಿಗೆ ಬರೆದ ಆರು ಹೊತ್ತಿನ ಬಿ.ಪಿ. ಕಣ್ಣಿಗೆ ಬಿದ್ದವು. ತಪ್ಪುಗಳು ನಿಂತಿರಲಿಲ್ಲ, ನನ್ನ ಬಳಿಗೆ ಬರುವುದು ನಿಂತಿತ್ತು. ಆ ಹುಡುಗಿಯ ಮುಖ ಈಗಲೂ ನೆನಪಿದೆ.

ಬಹಳ ವರ್ಷಗಳ ನಂತರ ಅಮೆರಿಕದ ಸಂಶೋಧಕಿ ಏಮಿ ಎಡ್ಮಂಡ್‌ಸನ್ 1996ರಲ್ಲಿ ಪ್ರಕಟಿಸಿದ ಅಧ್ಯಯನ ಓದಿದೆ. ಎರಡು ಆಸ್ಪತ್ರೆಗಳ ಎಂಟು ಘಟಕಗಳಲ್ಲಿ ಔಷಧಿ ತಪ್ಪುಗಳನ್ನು ಎಣಿಸಿದಾಗ, ಒಳ್ಳೆಯ ನಾಯಕಿಯರಿದ್ದ ಘಟಕಗಳಲ್ಲೇ ಹೆಚ್ಚು ತಪ್ಪುಗಳು ಸಿಕ್ಕಿದವು. ಅಲ್ಲಿನವರು ಹೆಚ್ಚು ತಪ್ಪು ಮಾಡುತ್ತಿರಲಿಲ್ಲ, ಹೇಳಲು ಹೆದರುತ್ತಿರಲಿಲ್ಲ. ನಿಮ್ಮ ಸ್ವಭಾವದ ಬಗ್ಗೆ ನಾನು ಕೇಳುವ ಪ್ರಶ್ನೆ ಇದೊಂದೇ: ನಿಮ್ಮ ವಾರ್ಡಿನ ಅತಿ ಕಿರಿಯ ಹುಡುಗಿ ತಾನು ಮಾಡಿದ ತಪ್ಪನ್ನು ಕಳೆದ ತಿಂಗಳು ನಿಮಗೆ ತಾನಾಗಿ ಬಂದು ಹೇಳಿದಳೇ? ಹೇಳಿದ್ದರೆ ಸ್ವಭಾವದ ಚಿಂತೆ ಬಿಡಿ. ಹೇಳಿಲ್ಲದಿದ್ದರೆ, ನಾಳೆ ಹ್ಯಾಂಡ್ ಓವರ್‌ನಲ್ಲಿ ನಿಮ್ಮದೇ ಒಂದು ತಪ್ಪನ್ನು ಎಲ್ಲರೆದುರು ಹೇಳಿ ಶುರು ಮಾಡಿ.

‘ಇದೆಲ್ಲ ಹೊರದೇಶದ ಮಾತು, ನಮ್ಮ ಹುಡುಗಿಯರಿಗೆ ಜವಾಬ್ದಾರಿ ಕೊಟ್ಟರೆ ನಡೆಯುವುದಿಲ್ಲ’ ಎಂದು ಯಾರಾದರೂ ಹೇಳಿದರೆ ದೂರ ಹೋಗಬೇಕಾಗಿಲ್ಲ. ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 2002ರಿಂದ 2005ರವರೆಗೆ ನಡೆದ ಪ್ರಯೋಗವೊಂದರಲ್ಲಿ, ಹೆರಿಗೆಯ ನಂತರದ ರಕ್ತಸ್ರಾವ ತಡೆಯಲು ಮಿಸೊಪ್ರೊಸ್ಟಾಲ್ ಮಾತ್ರೆಯನ್ನು 1,620 ಮಹಿಳೆಯರಲ್ಲಿ ಪರೀಕ್ಷಿಸಲಾಯಿತು. ಹೆರಿಗೆ ಮಾಡಿಸಿದವರು, ಮಾತ್ರೆ ಕೊಟ್ಟವರು, ಹರಿದ ರಕ್ತವನ್ನು ಅಳೆದು ಬರೆದವರು ನಮ್ಮ ಎ.ಎನ್.ಎಂ. (ಸಹಾಯಕ ಶುಶ್ರೂಷಕಿ ಮತ್ತು ಸೂಲಗಿತ್ತಿ) ಸಹೋದರಿಯರು. ರಕ್ತಸ್ರಾವಕ್ಕೆ ಒಳಗಾದವರ ಪ್ರಮಾಣ ಶೇ. 12ರಿಂದ 6.4ಕ್ಕೆ ಇಳಿಯಿತು. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಆ ಫಲಿತಾಂಶವನ್ನು ಜಗತ್ತೇ ಓದಿತು. ನಿಮ್ಮ ವಿಜಯಪುರ, ಬಾಗಲಕೋಟೆ ಸೇರಿದಂತೆ ಉತ್ತರ ಕರ್ನಾಟಕದ ಎಂಟು ಜಿಲ್ಲೆಗಳಲ್ಲಿ ತಾಯಿ-ಮಗುವಿನ ಆರೋಗ್ಯಕ್ಕಾಗಿ ನಡೆದ ಸುಕ್ಷೇಮ ಯೋಜನೆಯೂ ಅಷ್ಟೇ. ಪ್ರಾಥಮಿಕ ಆರೋಗ್ಯ ಕೇಂದ್ರದ ಶುಶ್ರೂಷಕಿಯರನ್ನು ತಪಾಸಣೆ ಮಾಡಲು ಅಧಿಕಾರಿಯನ್ನು ಕಳಿಸುವ ಬದಲು, ಅನುಭವವುಳ್ಳ ಶುಶ್ರೂಷಕಿಯನ್ನೇ ಮಾರ್ಗದರ್ಶಕಿಯಾಗಿ ಕಳಿಸಿದರು. ಅವಳು ಪಕ್ಕದಲ್ಲಿ ನಿಂತು ಕಲಿಸಿದಳು. ಬಳ್ಳಾರಿ ಮತ್ತು ಕಲಬುರಗಿ ಜಿಲ್ಲೆಗಳ 108 ಕೇಂದ್ರಗಳಲ್ಲಿ ಹೋಲಿಸಿ ನೋಡಿದಾಗ, ಮಾರ್ಗದರ್ಶಕಿ ಹೋದ ಕೇಂದ್ರಗಳ ಸಿದ್ಧತೆಯೂ ಅಲ್ಲಿನವರ ತಿಳಿವಳಿಕೆಯೂ ಉತ್ತಮವಾಗಿತ್ತು. ನಾಯಕತ್ವ ಎಂಬ ದೊಡ್ಡ ಪದ ನನ್ನ ಕಣ್ಣಿಗೆ ಕಾಣುವುದು ಹೀಗೆ: ಪಕ್ಕದಲ್ಲಿ ನಿಂತವಳು.

ಮಾಡಬೇಕಾದದ್ದಕ್ಕೆ ಬರುತ್ತೇನೆ. ಒಂದು ನೂರು ಪುಟದ ನೋಟ್‌ಬುಕ್ ತನ್ನಿ. ಹದಿನಾಲ್ಕು ದಿನ, ಪ್ರತಿ ಪಾಳಿಯಲ್ಲಿ ನಾಲ್ಕು ಸಂಗತಿ ಬರೆಸಿ: ಎಷ್ಟು ರೋಗಿಗಳಿದ್ದರು, ಎಷ್ಟು ಜನ ಶುಶ್ರೂಷಕಿಯರಿದ್ದರು, ಯಾವ ಆರೈಕೆ ತಪ್ಪಿತು, ಶುಶ್ರೂಷೆಯಲ್ಲದ ಯಾವ ಕೆಲಸಕ್ಕೆ ಎಷ್ಟು ನಿಮಿಷ ಹೋಯಿತು. ಕೊನೆಯದು ಬಹಳ ಮುಖ್ಯ. ಔಷಧಿ ಅಂಗಡಿಗೆ ಇಂಡೆಂಟ್ (ಬೇಡಿಕೆ ಚೀಟಿ) ಹಿಡಿದು ಓಡುವುದು, ಬಿಲ್ ವಿಭಾಗಕ್ಕೆ ಕಡತ ಕೊಂಡೊಯ್ಯುವುದು, ವಿಮೆಯ ಕಾಗದ ತುಂಬುವುದು, ಸ್ಟ್ರೆಚರ್ ತಳ್ಳುವುದು. ಇವುಗಳ ಮೊತ್ತ ತೆಗೆದಾಗ, ದಿನಕ್ಕೆ ಒಬ್ಬ ಶುಶ್ರೂಷಕಿಯ ಪೂರ್ತಿ ಪಾಳಿಯೇ ಅದರಲ್ಲಿ ಕರಗುತ್ತಿರುವುದನ್ನು ನಾನು ಒಂದಕ್ಕಿಂತ ಹೆಚ್ಚು ವಾರ್ಡುಗಳಲ್ಲಿ ಕಂಡಿದ್ದೇನೆ. ಆ ಕೆಲಸಕ್ಕೆ ಒಬ್ಬ ವಾರ್ಡ್ ಸಹಾಯಕರನ್ನು ಕೇಳುವುದು ಎಲ್ಲಕ್ಕಿಂತ ಅಗ್ಗದ ಪರಿಹಾರ, ಆಡಳಿತದವರು ಬೇಗ ಒಪ್ಪುವುದೂ ಅದನ್ನೇ.

ರೋಸ್ಟರ್ ನಿಮ್ಮ ಕೈಯಲ್ಲೇ ಇದೆ. ರಾತ್ರಿ ಪಾಳಿ ಎಂಟರಿಂದ ಎಂಟು ಎಂದುಕೊಂಡರೂ, ಬೆಳಗಿನ ಹ್ಯಾಂಡ್ ಓವರ್ ಮುಗಿದು ಹುಡುಗಿ ಹೊರಬೀಳುವುದು ಎಂಟೂವರೆ, ಒಂಬತ್ತಕ್ಕೆ. ಅಮೆರಿಕದ 393 ಶುಶ್ರೂಷಕರ ದಿನಚರಿ ಆಧರಿಸಿದ 2004ರ ಅಧ್ಯಯನದಲ್ಲಿ, ಪಾಳಿ ಹನ್ನೆರಡೂವರೆ ಗಂಟೆ ದಾಟಿದಾಗ ತಪ್ಪಾಗುವ ಸಂಭವ ಸುಮಾರು ಮೂರು ಪಟ್ಟಾಗಿತ್ತು. ಸತತ ಆರು ರಾತ್ರಿ ಹಾಕುತ್ತಿದ್ದರೆ ಅದು ವಾರಕ್ಕೆ 72 ಗಂಟೆ. ಅದನ್ನು ಮೂರಕ್ಕೆ ಇಳಿಸಿ. ತಿಂಗಳ ರೋಸ್ಟರನ್ನು ಹದಿನೈದು ದಿನ ಮೊದಲೇ ಗೋಡೆಗೆ ಹಚ್ಚಿ. ಸಿದ್ಧೇಶ್ವರ ಜಾತ್ರೆಯ ವಾರದ ರಜೆಯನ್ನು ಹೋದ ವರ್ಷ ಯಾರಿಗೆ ಕೊಟ್ಟಿರಿ ಎಂಬುದನ್ನೂ ಅದರ ಪಕ್ಕದಲ್ಲೇ ಬರೆಯಿರಿ. ಮೆಚ್ಚಿನವರಿಗೆ ಮಾತ್ರ ಹಬ್ಬದ ರಜೆ ಎಂಬ ಗುಸುಗುಸು ವಾರ್ಡನ್ನು ಒಡೆಯುವಷ್ಟು ಸಂಬಳವೂ ಒಡೆಯುವುದಿಲ್ಲ. ಊರಿಂದ ಓಡಾಡುವವರ ಕೊನೆಯ ಬಸ್ ಎಷ್ಟು ಹೊತ್ತಿಗೆ ಎಂದು ನಿಮಗೆ ಗೊತ್ತಿರಬೇಕು. ಮಧ್ಯಾಹ್ನದ ಪಾಳಿ ಎಂಟಕ್ಕೆ ಮುಗಿದು ಅವಳು ಎಂಟೂಕಾಲಿಗೆ ನಿಲ್ದಾಣದಲ್ಲಿ ಒಬ್ಬಳೇ ನಿಲ್ಲುವಂತಿದ್ದರೆ, ಅವಳ ಮನೆಯವರು ನೌಕರಿ ಬಿಡಿಸುತ್ತಾರೆ. ಆ ಮನೆಯವರನ್ನು ನಾನು ದೂರುವುದಿಲ್ಲ.

ಸಂಬಳದ ವಿಚಾರ ನಿಮ್ಮ ಮಟ್ಟದ್ದಲ್ಲ, ಆದರೆ ನಿಮ್ಮ ಬಾಯಲ್ಲಿ ಇರಬೇಕಾದ ಒಂದು ಮಾತಿದೆ. ಸುಪ್ರೀಂ ಕೋರ್ಟಿನ 2016ರ ನಿರ್ದೇಶನದಂತೆ ಕೇಂದ್ರ ಸರ್ಕಾರ ರಚಿಸಿದ ಸಮಿತಿ, ನೂರಕ್ಕಿಂತ ಹೆಚ್ಚು ಹಾಸಿಗೆಗಳ ಖಾಸಗಿ ಆಸ್ಪತ್ರೆಯಲ್ಲಿ ಶುಶ್ರೂಷಕರ ಸಂಬಳ ರಾಜ್ಯ ಸರ್ಕಾರದ ಸಂಬಳಕ್ಕಿಂತ ಕಡಿಮೆಯಿದ್ದರೂ ಆ ವ್ಯತ್ಯಾಸ ಶೇ. 10ನ್ನು ಮೀರಬಾರದು ಎಂದು ಶಿಫಾರಸು ಮಾಡಿತು. ನಿಮ್ಮದು 120 ಹಾಸಿಗೆಯ ಆಸ್ಪತ್ರೆ. ಸರ್ಕಾರಿ ನೌಕರಿ ಸಿಕ್ಕ ಹುಡುಗಿ ಏಕೆ ಹೋದಳು ಎಂಬುದಕ್ಕೆ ಬೇರೆ ಸಂಶೋಧನೆ ಬೇಡ. ಹಾಗೆಯೇ, ರಾತ್ರಿ ಹೊತ್ತು ರೋಗಿಯ ಕಡೆಯವರು ಕೈ ಎತ್ತುವ ಸಂದರ್ಭ ಬಂದರೆ, ಕರ್ನಾಟಕದ 2009ರ ವೈದ್ಯಕೀಯ ಸಿಬ್ಬಂದಿ ರಕ್ಷಣೆಯ ಕಾಯ್ದೆ ಶುಶ್ರೂಷಕಿಯರಿಗೂ ಅನ್ವಯಿಸುತ್ತದೆ. ದೂರು ಕೊಡಲು ಆಸ್ಪತ್ರೆಯೇ ಮುಂದೆ ಬರುವಂತೆ ಈಗಲೇ ಮಾತಾಡಿಟ್ಟುಕೊಳ್ಳಿ.

ಎಂ.ಎಸ್ಸಿ. ಪ್ರಬಂಧಕ್ಕೆ ಈ ವಿಷಯ ಖಂಡಿತ ಆಗುತ್ತದೆ. ಆದರೆ ನಿಮ್ಮದೇ ವಾರ್ಡಿನ ಎಂಟು ಜನರ ಮೇಲೆ ಮಾಡಬೇಡಿ. ಎಂಟು ಉತ್ತರಗಳಿಂದ ಯಾವ ತೀರ್ಮಾನವೂ ಹೊರಡುವುದಿಲ್ಲ, ಜೊತೆಗೆ ಯಾರು ಏನು ಬರೆದರೆಂದು ಕೈಬರಹ ನೋಡಿಯೇ ನಿಮಗೆ ತಿಳಿಯುತ್ತದೆ. ತಮ್ಮ ರಜೆ ಮಂಜೂರು ಮಾಡುವವಳೇ ಪ್ರಶ್ನಾವಳಿ ಕೊಟ್ಟರೆ ಯಾವ ಹುಡುಗಿ ನಿಜ ಬರೆದಾಳು? ನಗರದ ನಾಲ್ಕೈದು ಆಸ್ಪತ್ರೆಗಳನ್ನು ಸೇರಿಸಿಕೊಳ್ಳಿ, ನಿಮ್ಮ ವಾರ್ಡನ್ನು ಹೊರಗಿಡಿ, ಉತ್ತರಗಳನ್ನು ಕಾಲೇಜಿನ ಬೇರೊಬ್ಬರು ಸಂಗ್ರಹಿಸಲಿ. ನೈತಿಕ ಸಮಿತಿಯ ಒಪ್ಪಿಗೆ ಮೊದಲು. ಲೇಕ್ ಅವರ ಪ್ರಶ್ನಾವಳಿಯನ್ನು ಅನುಮತಿ ಪಡೆದು ಕನ್ನಡಕ್ಕೆ ತನ್ನಿ. ಒಬ್ಬರು ಕನ್ನಡಕ್ಕೆ ತಂದದ್ದನ್ನು ಮೂಲ ನೋಡದ ಇನ್ನೊಬ್ಬರು ಮರಳಿ ಇಂಗ್ಲಿಷಿಗೆ ಮಾಡಿ ತಾಳೆ ನೋಡಬೇಕು. ‘ಬಿಡುವ ಯೋಚನೆ ಇದೆಯೇ’ ಎಂದಷ್ಟೇ ಕೇಳಿ ನಿಲ್ಲಿಸಬೇಡಿ. ಆರು ತಿಂಗಳ ನಂತರ ಯಾರು ನಿಜಕ್ಕೂ ಬಿಟ್ಟರು ಎಂಬುದನ್ನು ಸಂಕೇತ ಸಂಖ್ಯೆಯ ಮೂಲಕ ಮತ್ತೆ ನೋಡಿ. ಈ ಒಂದು ಹೆಚ್ಚುವರಿ ಹೆಜ್ಜೆಯಿಂದ ನಿಮ್ಮ ಪ್ರಬಂಧ, ನಾನು ಮೇಲೆ ತಕರಾರು ತೆಗೆದ ಅಧ್ಯಯನಗಳಿಗಿಂತ ಗಟ್ಟಿಯಾಗುತ್ತದೆ.

ಹುದ್ದೆ ಬಿಡಬೇಕೇ ಎಂದು ಕೇಳಿದ್ದೀರಿ. ಈಗ ಬೇಡ. ನೋಟ್‌ಬುಕ್ ಮುಗಿದ ಮೇಲೆ ನರ್ಸಿಂಗ್ ಸೂಪರಿಂಟೆಂಡೆಂಟ್ ಅವರನ್ನು ಜೊತೆಗೆ ಕರೆದುಕೊಂಡು ಆಡಳಿತಾಧಿಕಾರಿಗಳ ಬಳಿ ಹೋಗಿ, ಎರಡೇ ಬೇಡಿಕೆ ಇಡಿ: ರಾತ್ರಿಗೆ ಎರಡನೆಯ ಶುಶ್ರೂಷಕಿ, ಹಗಲಿಗೆ ಒಬ್ಬ ವಾರ್ಡ್ ಸಹಾಯಕ. ಮೂರು ತಿಂಗಳು ಕೊಡಿ. ಅಷ್ಟರಲ್ಲಿ ಎರಡರಲ್ಲಿ ಒಂದೂ ಆಗದಿದ್ದರೆ, ಏಕೆ ಆಗಲಿಲ್ಲವೆಂದು ಬರೆದುಕೊಡಲೂ ಅವರು ಒಪ್ಪದಿದ್ದರೆ, ಆಗ ಇನ್‌ಚಾರ್ಜ್ ಹುದ್ದೆಯನ್ನು ಮರಳಿಸಿ. ಮರಳಿಸುವ ಪತ್ರಕ್ಕೆ ರೋಗಿಗಳ ಹೆಸರು ತೆಗೆದ ಆ ನೋಟ್‌ಬುಕ್ಕಿನ ಪ್ರತಿಯನ್ನು ಲಗತ್ತಿಸಿ.

ಅದಕ್ಕೂ ಮೊದಲು, ಈ ಭಾನುವಾರವೇ, ತಿಕೋಟಾಕ್ಕೆ ಹೋಗಿ ಬನ್ನಿ. ಪುಣೆಗೆ ಹೋದವರಿಗೆ ಹೆಚ್ಚಿನ ಸಂಬಳ ಸಿಕ್ಕಿರಬಹುದು, ಸರ್ಕಾರಿ ನೌಕರಿಗೆ ಹೋದವಳಿಗೆ ಭದ್ರತೆ ಸಿಕ್ಕಿತು. ಏನೂ ಸಿಗದೆಯೇ ಬಿಟ್ಟವಳು ಅವಳೊಬ್ಬಳೇ. ಮರಳಿ ಬಾ ಎಂದು ಕರೆಯಬೇಡಿ. ಬಿಡಬೇಕೆಂದು ಯಾವ ರಾತ್ರಿ ಅನಿಸಿತು, ಆ ರಾತ್ರಿ ವಾರ್ಡಿನಲ್ಲಿ ಏನಾಯಿತು ಎಂದು ಕೇಳಿ. ಅವಳು ಹೇಳಿ ಮುಗಿಸುವವರೆಗೆ ನಡುವೆ ಮಾತಾಡಬೇಡಿ.